ಇದ್ದತ್ ಮುಗಿಯುವಷ್ಟರಲ್ಲಿ ಖಾಲಿಯಾದ ಇನ್‌ಬಾಕ್ಸ್

ಕೂಂ, ಕೂಂ, ಕೂಂ. ಎಂಗೇಜ್ ಟೋನ್.

ನಮ್ಮ ಕಡೆಗೆ ಇಂಟರ್‌ನೆಟ್ ಬಂದ ಕಾಲವನ್ನು ನೆನೆಸಿಕೊಳ್ಳುವವರೆಲ್ಲ ಮೋಡೆಮ್ ಕಿರುಚುತ್ತಿದ್ದುದನ್ನೇ ಹೇಳುತ್ತಾರೆ. ನನ್ನ ಕಿವಿಯಲ್ಲಿ ಉಳಿದಿರುವುದು ಅದಕ್ಕೂ ಮುಂಚಿನ ಸದ್ದು. ಶಿಡ್ಲಘಟ್ಟದಿಂದ ಬೆಂಗಳೂರಿನ ನಂಬರಿಗೆ ಕಂಪ್ಯೂಟರ್ ತಾನೇ ಡಯಲ್ ಮಾಡುತ್ತಿತ್ತು. ಆ ಕಡೆ ಲೈನು ಬಿಜಿ. ಪೆಟ್ಟಿಗೆಯೊಳಗಿನ ಪುಟ್ಟ ಸ್ಪೀಕರಿನಿಂದ ಕೂಂ, ಕೂಂ. ಮತ್ತೆ ಡಯಲ್, ಮತ್ತೆ ಕೂಂ, ಕೂಂ. ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ ಪಕ್ಕದಲ್ಲಿ ಕುಳಿತ ನನ್ನ ಗೆಳತಿ, "ಯಾರೇ ಅದು, ಆವಾಗ್ಲಿಂದ ಒಂದೇ ಸಮ ಮಾತಾಡ್ತಿರೋದು?" ಎಂದು ಸಿಡುಕುತ್ತಿದ್ದಳು. ಬೆಂಗಳೂರಿನಲ್ಲಿ ಯಾರೋ ಒಬ್ಬರು ಫೋನು ಕೆಳಗಿಡದೆ ಹರಟೆ ಹೊಡೆಯುತ್ತಿದ್ದಾರೆ ಎಂದೇ ಅವಳ ನಂಬಿಕೆ. ನಾನೂ ತಿದ್ದಲು ಹೋಗುತ್ತಿರಲಿಲ್ಲ. ತಿದ್ದುವಷ್ಟು ನನಗೂ ಗೊತ್ತಿರಲಿಲ್ಲ, ಟು ಬಿ ಆನೆಸ್ಟ್.

ತೊಂಬತ್ತರ ದಶಕದ ಕೊನೆಯ ವರ್ಷಗಳು. ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವ ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಯ ಮೇಲೆ, ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರುಗಳ ಸಾಲಿನ ಕೊನೆಗೆ, ಗೋಡೆಯ ಮೂಲೆಯಲ್ಲಿ, ಹೊಸದಾಗಿ ತಂದ ಒಂದು ಕಂಪ್ಯೂಟರ್. ಕೆಳಗಿನ ಅಂಗಡಿಯ ಫೋನಿಗೇ ಪ್ಯಾರಲಲ್ ವೈರ್ ಎಳೆದು ಮೋಡೆಮ್‌ಗೆ ಕೊಟ್ಟಿದ್ದೆವು. ಕಷ್ಟಪಟ್ಟು ಕನೆಕ್ಟ್ ಆಗಿ ಪೇಜು ಅರ್ಧ ಇಳಿದಿರುವಾಗ ಕೆಳಗೆ ಅಂಗಡಿಯವರು ರಿಸೀವರ್ ಎತ್ತಿ, ಆ ಕಿರುಚಾಟಕ್ಕೇ "ಹಲೋ, ಹಲೋ, ಯಾರ್ರೀ?" ಎನ್ನುವುದು ಮೇಲಿನವರೆಗೂ ಕೇಳುತ್ತಿತ್ತು. ಲೈನು ಕಟ್. ಮತ್ತೆ ಮೊದಲಿಂದ.

ಗೆಳತಿ ಎಂದೆನಲ್ಲ, ಸಿಸ್ಟರ್‌ಗಳ ಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಏಳನೇ ಕ್ಲಾಸಿಗೆ ಅವಳನ್ನು ಬಿಡಿಸಿದರು. ರೇಷ್ಮೆನೂಲು ತೆಗೆಯುವ ಫಿಲೇಚರ್ ಇದ್ದ ದೊಡ್ಡ ಮನೆತನಕ್ಕೆ ಸೊಸೆಯಾಗಿ ಇದೇ ಶಿಡ್ಲಘಟ್ಟಕ್ಕೆ ಬಂದಳು. ಎರಡು ಗಂಡು, ಒಂದು ಹೆಣ್ಣು. ಮಗಳು ಡಿಗ್ರಿ ಮುಗಿಸಿ, ಅಪ್ಪನಿಗೆ ಇಷ್ಟವಿಲ್ಲದಿದ್ದರೂ ಹಟ ಮಾಡಿ, ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರಿದಳು. ಅಲ್ಲೇ ಕೆಲಸ ಮಾಡುತ್ತಿದ್ದ, ಅವರ ಜನವಲ್ಲದ ಒಬ್ಬನನ್ನು ಮದುವೆಯಾಗಿ ಹೈದರಾಬಾದಿಗೆ ಹೊರಟುಹೋದಳು. ಅಪ್ಪ ಆ ಹೆಸರನ್ನು ಮನೆಯಲ್ಲಿ ಎತ್ತಬಾರದೆಂದರು. ಅವಳಿಂದ ಬಂದ ಪತ್ರಗಳನ್ನು ಒಡೆಯದೆ ಪೋಸ್ಟ್‌ಮ್ಯಾನ್ ಕೈಗೇ ವಾಪಸ್ ಕೊಟ್ಟರು. ಫೋನು ಇದ್ದದ್ದು ಅವರ ಗದ್ದಿಗೆಯ ಪಕ್ಕದಲ್ಲಿ.

ಇದೆಲ್ಲ ಆಗಿ ಒಂದೆರಡು ವರ್ಷದ ಮೇಲೆ ಗೆಳತಿಯ ತಮ್ಮ ಚಿಂತಾಮಣಿಯಿಂದ ಬಂದು, ಅಕ್ಕನನ್ನು ನನ್ನ ಇನ್‌ಸ್ಟಿಟ್ಯೂಟಿಗೆ ಕರೆತಂದ. ಅವನಿಗೆ ಹೇಗೋ ಸೋದರಸೊಸೆಯ ಇ-ಮೇಲ್ ವಿಳಾಸ ಸಿಕ್ಕಿತ್ತು. "ಮೇಡಂ, ಫ್ರೀಯಾಗಿ ಮೇಲ್ ಡಬ್ಬಿ ಕೊಡ್ತಾರಂತಲ್ಲ, ನಮ್ಮ ಆಪಾಗೂ ಒಂದು ಮಾಡ್ಕೊಡಿ. ಭಾವನಿಗೆ ಗೊತ್ತಾಗಬಾರದು, ಅಷ್ಟೇ" ಎಂದ. ಮಾಡಿಕೊಟ್ಟೆ. ಉದ್ದಕ್ಕೆ ಇಳಿಯುತ್ತಲೇ ಹೋಗುವ ಷರತ್ತುಗಳ ಕೆಳಗೆ 'ಐ ಅಗ್ರೀ' ಎಂದು ಒತ್ತಿದೆವು, ಪ್ರಪಂಚದಲ್ಲಿ ಎಲ್ಲರೂ ಒತ್ತುವ ಹಾಗೆ. ಪಾಸ್‌ವರ್ಡ್ ಹಾಕುವಾಗ ಗೆಳತಿ ನನ್ನನ್ನು ಕಿಟಕಿಯ ಕಡೆ ತಿರುಗಿ ನಿಲ್ಲು ಎಂದಳು. "ನಿನ್ನ ಮೇಲೆ ಅನುಮಾನ ಅಲ್ಲ ಕಣೇ. ಈ ಮನೇಲಿ ನನ್ನದು ಅಂತ ಒಂದು ಬೀಗದಕೈ ಇಲ್ಲ, ಅದಕ್ಕೆ."

ಅಂದಿನಿಂದ ಗುರುವಾರದ ಮಧ್ಯಾಹ್ನಗಳು ಅವಳವು. ಗುರುವಾರ ಯಜಮಾನರು ನೂಲು ಮಾರಲು ಬೆಂಗಳೂರಿಗೆ ಹೋಗುತ್ತಿದ್ದರು. ನಾನು ಕನೆಕ್ಟ್ ಮಾಡಿಕೊಟ್ಟು ಎದ್ದು ಬರುತ್ತಿದ್ದೆ. ಅವಳು ಗೋಡೆಗೆ ಬೆನ್ನು ಕೊಟ್ಟು, ಕಾನ್ವೆಂಟಿನಲ್ಲಿ ಕಲಿತ ಎ ಬಿ ಸಿ ಡಿಯಲ್ಲಿ ಮಗಳು ಬರೆದ ಉರ್ದುವನ್ನು ತುಟಿ ಆಡಿಸುತ್ತಾ ಓದುತ್ತಿದ್ದಳು. ಅವಳಿಗೆ ಬೇಕಾಗಿದ್ದ ಗುಂಡಿಗಳು ಎರಡೇ, ರಿಪ್ಲೈ ಮತ್ತು ಸೆಂಡ್. ಒಂದು ಬೆರಳಿನಲ್ಲಿ ಕುಟ್ಟಿ ಕುಟ್ಟಿ ನಾಲ್ಕು ಸಾಲು ಬರೆಯುವಷ್ಟರಲ್ಲಿ ಹಣೆಯೆಲ್ಲ ಬೆವರು. ಎದ್ದು ಹೋಗುವಾಗ ಯಾವಾಗಲಾದರೂ ಒಂದು ಮಾತು ಹೇಳುತ್ತಿದ್ದಳು. "ಹೈದರಾಬಾದಲ್ಲೇ ಮೆಹದಿಪಟ್ನಂಗೆ ಮನೆ ಬದಲಾಯಿಸಿದಾರಂತೆ. ಅಡುಗೆಮನೆ ಕಿಟಕೀಲಿ ಹೆರಿಗೆ ಆಸ್ಪತ್ರೆ ನೀರಿನ ಟ್ಯಾಂಕು ಕಾಣ್ಸುತ್ತಂತೆ." ಇನ್ನೊಂದು ಗುರುವಾರ, ಮೆಟ್ಟಿಲ ಮೇಲೆ ನಿಂತು, "ಏಳನೇ ತಿಂಗಳು" ಎಂದಷ್ಟೇ ಹೇಳಿ ಮುಸುಕು ಎಳೆದುಕೊಂಡಳು. ಮುಸುಕಿನೊಳಗೆ ನಗುತ್ತಿದ್ದಳೆಂದು ದನಿಯಲ್ಲೇ ತಿಳಿಯಿತು.

ಆ ತಿಂಗಳೇ ಯಜಮಾನರು ತೀರಿಕೊಂಡರು. ಮಾರ್ಕೆಟ್ಟಿನಲ್ಲಿ ಗೂಡು ಹರಾಜು ಕೂಗುತ್ತಿದ್ದವರು ಹಾಗೇ ಕುಸಿದರಂತೆ.

ಮಾತಾಡಿಸಲು ಹೋದೆ. ಕೋಣೆಯ ತುಂಬ ಹೆಂಗಸರು. ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಲು ದಾಟದೆ ಇರಬೇಕಾದ ಇದ್ದತ್ ಅವಳಿಗೆ ಶುರುವಾಗಿತ್ತು. ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದೆ, "ಅವಳಿಗೆ ನಾನು ತಿಳಿಸಲಾ? ಪಾಸ್‌ವರ್ಡ್ ಹೇಳು, ಎರಡು ಸಾಲು ಬರೀತೀನಿ."

"ಬೇಡ ಕಣೇ. ಬಸುರಿ ಹುಡುಗಿ. ಅಬ್ಬಾ ಹೋದ್ರು ಅನ್ನೋದನ್ನ ಅಮ್ಮೀನೇ ಹೇಳ್ಬೇಕು, ಅದೂ ಮೆತ್ತಗೆ. ಬೇರೆಯೋರ ಕೈಯಲ್ಲಿ ಬೇಡ. ಡಬ್ಬಿ ಎಲ್ಲಿಗೆ ಹೋಗುತ್ತೆ? ಅವಳು ಬರೆದಿದ್ದೆಲ್ಲ ಅಲ್ಲೇ ಬಿದ್ದಿರುತ್ತೆ. ಮುಗಿಸ್ಕೊಂಡು ಬಂದು ಎಲ್ಲಾ ಒಟ್ಟಿಗೇ ಓದ್ತೀನಿ." ಎಷ್ಟೊಂದು ಪತ್ರ ಸೇರಿರುತ್ತವೆಂಬ ಲೆಕ್ಕಾಚಾರ ಆ ದುಃಖದಲ್ಲೂ ಅವಳ ಮುಖದಲ್ಲಿ ಒಂದು ಕ್ಷಣ ಕಂಡಿತು. ಪೋಸ್ಟಾಫೀಸು ನೋಡಿ ಬೆಳೆದವರು ನಾವು. ಪತ್ರ ಬಂದಮೇಲೆ ತೆಗೆದುಕೊಳ್ಳುವವರೆಗೆ ಇರುತ್ತದೆ, ಬೇರೆ ಏನಾಗಲು ಸಾಧ್ಯ?

ಇದ್ದತ್ ಮುಗಿದ ಮಾರನೆಯ ದಿನವೇ ಬಂದಳು. ಗುರುವಾರಕ್ಕೂ ಕಾಯಲಿಲ್ಲ. ಕೂಂ, ಕೂಂ ಮುಗಿದು ಲೈನು ಸಿಕ್ಕಿತು. ಅವಳು ಪಾಸ್‌ವರ್ಡ್ ಕುಟ್ಟಿದಳು. ಎಂದಿನ ಪೇಜು ಬರಲಿಲ್ಲ. "ಇಲ್ಲಿ ಬಾರೇ, ಇದೇನೋ ಉದ್ದಕ್ಕೆ ಬರೆದವ್ನೆ" ಎಂದು ಕರೆದಳು.

ಓದಿದೆ. ಒಳ್ಳೆಯ ಇಂಗ್ಲಿಷು, ಅತ್ಯಂತ ಪೊಲೈಟ್. ಬಹಳ ದಿನಗಳಿಂದ ನೀವು ಈ ಖಾತೆ ತೆರೆದಿಲ್ಲವಾದ್ದರಿಂದ ನಿಯಮದಂತೆ ಅದನ್ನು ನಿಷ್ಕ್ರಿಯಗೊಳಿಸಲಾಗಿದೆ. ಇದ್ದ ಪತ್ರಗಳನ್ನೂ ವಿಳಾಸಗಳನ್ನೂ ಅಳಿಸಲಾಗಿದೆ. ಮತ್ತೆ ಬಳಸಲು ಇಲ್ಲಿ ಒತ್ತಿರಿ. ಒತ್ತಿದೆ. ಡಬ್ಬಿ ತೆರೆಯಿತು. ಅದೇ ಹೆಸರು, ಅದೇ ಬಣ್ಣ. ಇನ್‌ಬಾಕ್ಸಿನಲ್ಲಿ ಒಂದು ಎಂದು ತೋರಿಸುತ್ತಿತ್ತು. ಅವಳು "ಹಾಂ, ಬಂತು!" ಎಂದಳು. ಅದು ಕಂಪನಿಯವರದೇ ಸ್ವಾಗತ ಪತ್ರ.

"ಯಾರು ಅಳಿಸಿದ್ದು?"

"ಯಾರೂ ಅಲ್ಲ ಕಣೇ. ತಾನೇ ಅಳಿಸಿಹೋಗುತ್ತೆ."

"ತಾನೇ ಹೇಗೆ ಹೋಗುತ್ತೆ? ಯಾವನೋ ಒಬ್ಬ ಕೈಯಾರೆ ಮಾಡಿರ್ಬೇಕಲ್ಲ. ಅವನ ಹತ್ರ ಮಾತಾಡು. ಎಸೆದಿರಲ್ಲ, ಒಂದು ಕಡೆ ಇಟ್ಟಿರ್ತಾನೆ."

ಅವಳ ಮಾತು ನನಗೂ ಸರಿಯೆನ್ನಿಸಿತು. ತಾಲ್ಲೂಕು ಕಚೇರಿಯಾಗಲಿ, ಕರೆಂಟ್ ಆಫೀಸಾಗಲಿ, ನಮ್ಮ ಕಡೆ ಎಲ್ಲ ಬಾಗಿಲ ಹಿಂದೆಯೂ ಒಬ್ಬ ಮನುಷ್ಯ ಇದ್ದೇ ಇರುತ್ತಾನೆ. ಗದರಿಸುತ್ತಾನೆ, ನಾಳೆ ಬಾ ಎನ್ನುತ್ತಾನೆ, ಕೊನೆಗೊಮ್ಮೆ ಕರಗುತ್ತಾನೆ. ಪೇಜಿನ ತೀರಾ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಹೆಲ್ಪ್' ಎಂದಿತ್ತು. ಅಲ್ಲಿಗೆ ಬರೆದೆ. ಸಿಸ್ಟರ್ ಕಲಿಸಿದ ಅತ್ಯುತ್ತಮ ಇಂಗ್ಲಿಷಿನಲ್ಲಿ, ರೆಸ್ಪೆಕ್ಟೆಡ್ ಸರ್‌ನಿಂದ ಹಿಡಿದು ಯುವರ್ಸ್ ಫೇತ್‌ಫುಲಿವರೆಗೆ. ಮಾರನೆಯ ದಿನವೇ ಉತ್ತರ ಬಂತು. ನಮ್ಮನ್ನು ಸಂಪರ್ಕಿಸಿದ್ದಕ್ಕೆ ಥ್ಯಾಂಕ್ಸ್, ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ ನೋಡಿ ಎಂದು.

"ಇದ್ದತ್ ಅಂದ್ರೆ ಏನು ಅಂತ ಅವರಿಗೆ ಗೊತ್ತಿಲ್ಲ" ಎಂದಳು ಗೆಳತಿ. "ಬಿಡಿಸಿ ಬರಿ."

ಬಿಡಿಸಿ ಬರೆದೆ. ಗಂಡ ಸತ್ತ ಹೆಂಗಸು ಹೊರಗೆ ಬರುವ ಹಾಗಿಲ್ಲ ಸಾರ್, ಇದು ಉದಾಸೀನವಲ್ಲ, ಧರ್ಮ. ಮಗಳ ವಿಳಾಸ ಆ ಡಬ್ಬಿಯಲ್ಲಿ ಮಾತ್ರ ಇತ್ತು. ಅದೊಂದನ್ನಾದರೂ ದಯವಿಟ್ಟು ಹುಡುಕಿಕೊಡಿ. ಬರೆಯುತ್ತಾ ನನ್ನ ಕಣ್ಣೇ ತುಂಬಿತು. ಉತ್ತರ ಬಂತು. ಅದೇ ಥ್ಯಾಂಕ್ಸ್, ಅದೇ ಪ್ರಶ್ನೋತ್ತರ, ಒಂದು ಕಾಮಾ ವ್ಯತ್ಯಾಸವಿಲ್ಲ.

"ಓದೇ ಇಲ್ಲ ಅವನು."

"ಓದೋಕೆ ಅಲ್ಲಿ ಯಾರೂ ಇಲ್ಲ ಅನ್ಸುತ್ತೆ ಕಣೇ."

ಆಗ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. ಡಬ್ಬಿ ಮುಚ್ಚಿದ್ದ ದಿನಗಳಲ್ಲಿ ಮಗಳು ಬರೆದಿದ್ದರೆ ಆ ಕಡೆ ಅವಳಿಗೆ ಏನು ಕಾಣಿಸಿರುತ್ತದೆ? ಬಾಯಲ್ಲಿ ವಿವರಿಸಲು ಬರಲಿಲ್ಲ. ಇನ್‌ಸ್ಟಿಟ್ಯೂಟಿನ ಡಬ್ಬಿಯಿಂದ ಇಲ್ಲದ ಒಂದು ವಿಳಾಸಕ್ಕೆ ಸುಮ್ಮನೆ 'ಹಲೋ' ಎಂದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಅದು ವಾಪಸ್ ಬಂತು, ಮೇಲೆ ಯಂತ್ರದ ಭಾಷೆ, ನಡುವೆ ಒಂದು ಸಾಲು. ಅವಳೇ ಬಗ್ಗಿ ಅಕ್ಷರ ಕೂಡಿಸಿ ಓದಿದಳು. ಯೂಸರ್ ಅನ್‌ನೋನ್. ಇಂಥ ಹೆಸರಿನವರು ಇಲ್ಲಿ ಯಾರೂ ಇಲ್ಲ.

ಪಕ್ಕದ ಸಾಲಿನಲ್ಲಿ ಯಾರೋ ಎ ಎಸ್ ಡಿ ಎಫ್ ಪ್ರಾಕ್ಟೀಸ್ ಮಾಡುತ್ತಿದ್ದರು.

"ಅಂದ್ರೆ, ಮಗು ಆಯ್ತು ಅಮ್ಮೀ ಅಂತ ಅವಳು ಬರೆದಿರ್ತಾಳೆ. ನಿನಗೆ ಅಮ್ಮಿ ಅಂತ ಯಾರೂ ಇಲ್ಲ ಅಂತ ನಾನು ಹೇಳಿದೀನಿ." ನಾನು ಏನೋ ಹೇಳಲು ಹೋದೆ. ಕೈಯೆತ್ತಿ ತಡೆದಳು. "ಅವಳ ಅಬ್ಬಾ ಕಾಗದಾನ ವಾಪಸ್ ಮಾಡ್ತಿದ್ದ ಹಾಗೇ. ನಾನೂ ಕೊನೆಗೆ ಅವರ ತರಾನೇ ಆದೆ ಅಂದ್ಕೊಂಡಿರ್ತಾಳೆ."

ಅಷ್ಟೇ ವಿಷಯ. ಆ ನಂತರದ ತಿಂಗಳುಗಳಲ್ಲಿ ನಾವು ಮಾಡಿದ್ದೆಲ್ಲ ಆ ಒಂದು ಮಾತನ್ನು ಸುಳ್ಳು ಮಾಡಲಿಕ್ಕೆ. ಬಾಗಿಲು ಹಾಕಿದ್ದು ಅಮ್ಮ ಅಲ್ಲ ಎಂದು ಮಗಳಿಗೆ ಹೇಗಾದರೂ ಮುಟ್ಟಿಸಬೇಕು.

ವಿಳಾಸ ಇವಳಿಗೆ ನೆನಪಿರಲಿಲ್ಲ. ಇರುವುದಾದರೂ ಹೇಗೆ? ರಿಪ್ಲೈ ಒತ್ತಿದರೆ ಅದು ತಾನೇ ಹೋಗಿ ಕುಳಿತುಕೊಳ್ಳುತ್ತಿತ್ತು. ಒಂದು ದಿನವೂ ಅವಳು ಅದನ್ನು ಟೈಪ್ ಮಾಡಿರಲಿಲ್ಲ. ತಮ್ಮನನ್ನು ಕೇಳಿದೆವು. ಅವನು ತಂದಿದ್ದದ್ದು ಹಳೆಯ ವಿಳಾಸ, ಮಗಳ ಗಂಡನ ಆಫೀಸಿನದು. ಅವರು ಆ ಕೆಲಸ ಬಿಟ್ಟಾಯಿತು, ಇನ್ನು ಈ ಹೊಸ ವಿಳಾಸಕ್ಕೆ ಬರಿ ಎಂದು ನಡುವೆ ಮಗಳು ಬರೆದಿದ್ದಳು. ಹಳೆಯದಕ್ಕೆ ಬರೆದರೆ ಯೂಸರ್ ಅನ್‌ನೋನ್. ತಮ್ಮ ಕುಡುಮಲಕುಂಟೆಯ ಫ್ಯಾಕ್ಟರಿಗೂ ಹೋಗಿ ಬಂದ. ಆಫೀಸಿನವರೆಲ್ಲ ಹೊಸಬರು, ಗೇಟಿನವನಿಗೆ ಮಾತ್ರ ಹುಡುಗಿಯ ನೆನಪಿತ್ತಂತೆ. "ಮನೆ ಅಡ್ರೆಸ್ ಯಾಕೆ ಕೇಳ್ಲಿಲ್ಲ ಆಪಾ?" ಎಂದು ಅವನು ಗೊಣಗಿದಾಗ ಇವಳು ನಿಟ್ಟುಸಿರಿಟ್ಟಳು. "ಮೇಲ್ ಇರೋವಾಗ ಅಡ್ರೆಸ್ ಯಾರು ಕೇಳ್ತಾರೋ? ಅದೇ ಅಡ್ರೆಸ್ ಅಲ್ವಾ?"

ಮೇಲ್ ಕೊಡುವ ಕಂಪನಿಯದೇ ಒಂದು ಮೆಂಬರ್ ಡೈರೆಕ್ಟರಿ ಇತ್ತು, ಅದೂ ಫ್ರೀ. ಹೆಸರು, ಊರು ಹಾಕಿ ಹುಡುಕಬಹುದು. ಮಗಳ ಹೆಸರು ಹಾಕಿದರೆ ಪುಟಗಟ್ಟಲೆ ಬಂತು. ಹೈದರಾಬಾದಿನವರು, ದುಬೈನವರು, ಊರೇ ಹೇಳದವರು. ಅವಳು ತನ್ನ ಹೆಸರಿನಲ್ಲೇ ಡಬ್ಬಿ ಮಾಡಿಕೊಂಡಿದ್ದಾಳೆಂದಾದರೂ ಏನು ಗ್ಯಾರಂಟಿ? ಆಗೆಲ್ಲ ಹುಡುಗಿಯರು ಗುಲಾಬಿ, ಚಂದ್ರ ಅಂತ ಇಟ್ಟುಕೊಳ್ಳುತ್ತಿದ್ದರು. ಆದರೂ ಒಬ್ಬೊಬ್ಬರಿಗೂ ಬರೆದೆವು. ಹೆಚ್ಚಿನವರಿಂದ ಉತ್ತರವಿಲ್ಲ. ಒಬ್ಬಳು, ಇಂಥದನ್ನು ಮತ್ತೆ ಕಳಿಸಿದರೆ ಕಂಪ್ಲೇಂಟ್ ಕೊಡುತ್ತೇನೆಂದಳು. ಇನ್ನೊಬ್ಬಳು, ಯಾವ ಊರೋ ಏನೋ, ಇಂಗ್ಲಿಷಿನಲ್ಲಿ ಬರೆದಿದ್ದಳು, ಆಂಟಿ, ನಾನು ನಿಮ್ಮ ಮಗಳಲ್ಲ, ಆದರೆ ನಿಮ್ಮ ಮೇಲ್ ಓದಿ ಈವತ್ತು ನಮ್ಮ ಅಮ್ಮನಿಗೆ ಫೋನ್ ಮಾಡಿದೆ, ಬಹಳ ದಿನದ ಮೇಲೆ.

ಅದನ್ನು ಓದಿ ಹೇಳಿದೆ. ಗೆಳತಿ ಕಣ್ಣೊರೆಸಿಕೊಂಡು ನಕ್ಕಳು. "ನೋಡು, ಯಾರದೋ ಅಮ್ಮನಿಗೆ ಮುಟ್ಟಿತು."

ಈ ನಡುವೆ ಗುರುವಾರ ಗುರುವಾರ ಡಬ್ಬಿ ತೆಗೆಯುವುದು ನಡೆದೇ ಇತ್ತು. ಇನ್‌ಬಾಕ್ಸ್ ಎದುರಿನ ಸಂಖ್ಯೆ ಮೂರು ಅನ್ನುತ್ತಿತ್ತು, ಐದು ಅನ್ನುತ್ತಿತ್ತು. ತೆಗೆದರೆ ತೂಕ ಇಳಿಸುವ ಮಾತ್ರೆ, ಅಮೆರಿಕದಲ್ಲಿ ಸಾಲ, ನಿಮಗೊಂದು ಕಾರು ಬಂದಿದೆ. "ನನ್ನ ಹೆಸರು ಇಷ್ಟು ಜನಕ್ಕೆ ಗೊತ್ತು, ಅವಳಿಗೊಬ್ಬಳಿಗೆ ಬಿಟ್ಟು" ಎನ್ನುತ್ತಿದ್ದಳು.

ಹೋಮ್‌ಪೇಜಿನ ವಿಚಾರ ತಲೆಗೆ ಹಾಕಿದವರು ಚಿಕ್ಕಬಳ್ಳಾಪುರದ ಒಬ್ಬ ಫೋಟೋ ಸ್ಟುಡಿಯೋದವರು. ಮದುವೆ ವಿಡಿಯೋ ತೆಗೆಯುವ ನಡುವಯಸ್ಸಿನ ಮನುಷ್ಯ, ಸ್ಕ್ಯಾನರ್ ತರಿಸಿಕೊಂಡಿದ್ದರು. ತೆಲುಗು, ಕನ್ನಡ ಎರಡೂ ಒಂದೇ ಉಸಿರಿನಲ್ಲಿ. "ಅಮ್ಮಾ, ಜಾಗ ಫ್ರೀ, ಪೇಜು ಫ್ರೀ. ನಾನೇ ಕೂಡಿಸ್ಕೊಡ್ತೀನಿ. ಪ್ರಪಂಚಮಂತಾ ಚೂಸ್ತಾರು. ನಿಮ್ಮ ಪಾಪ ನೋಡಲ್ವಾ?"

ಗೆಳತಿಗೆ ಇದು ಸುಲಭದ ತೀರ್ಮಾನವಾಗಿರಲಿಲ್ಲ. ಬೀದಿಯಲ್ಲಿ ಮುಖ ತೋರಿಸದ ಮನೆತನದ ಹೆಂಗಸು. ಅವಳ ಮಾತು ಪ್ರಪಂಚದವರೆಲ್ಲ ನೋಡುವ ಕಡೆ. ಎರಡು ಗುರುವಾರ ಆ ಮಾತೇ ಎತ್ತಲಿಲ್ಲ. ಮೂರನೆಯದಕ್ಕೆ ಬಂದವಳು ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಉರ್ದುವಿನಲ್ಲಿ ತನ್ನ ಕೈಯಾರೆ ಬರೆದಿದ್ದಳು. "ಅವಳಿಗೆ ನನ್ನ ಕೈಬರಹ ಗೊತ್ತು. ಟೈಪ್ ಮಾಡಿದ್ರೆ ಯಾರು ಬೇಕಾದ್ರೂ ಬರೆದಿರಬಹುದು ಅಂದ್ಕೋತಾಳೆ." ಓದಿ ಅರ್ಥ ಹೇಳಿದಳು. ಬೇಟಿ, ನಾನು ಬಾಗಿಲು ಹಾಕಿಲ್ಲ. ಅಬ್ಬಾ ತೀರಿಕೊಂಡರು. ನಾನು ಇದ್ದತ್‌ನಲ್ಲಿದ್ದೆ. ಡಬ್ಬಿ ಅದೇ, ಹೆಸರೂ ಅದೇ. ಬರಿ. ಕೆಳಗೆ ಅವಳ ಹೆಸರು.

ಕಂಪ್ಯೂಟರಿನಲ್ಲಿ ಆಗ ಉರ್ದು ಟೈಪ್ ಮಾಡಲು ನಮಗೆ ದಾರಿಯೂ ಇರಲಿಲ್ಲ. ಹಾಳೆಯನ್ನು ಫೋಟೋದ ಹಾಗೆ ಸ್ಕ್ಯಾನ್ ಮಾಡಬೇಕು. ಮೊದಲ ಸಲ ಬಣ್ಣದಲ್ಲಿ ಮಾಡಿದ್ದಕ್ಕೆ ಫೈಲು ಭಾರವಾಗಿ ಮುಕ್ಕಾಲು ಹೋಗುವಷ್ಟರಲ್ಲಿ ಲೈನು ಕಟ್. ಎರಡನೆಯ ಸಲ ಕರೆಂಟು. ಕೊನೆಗೆ ಬರೀ ಕಪ್ಪು ಬಿಳುಪು ಮಾಡಿ, ಅಂಚು ಕತ್ತರಿಸಿ, ನಾಲ್ಕು ತುಂಡು ಮಾಡಿ ಒಂದೊಂದಾಗಿ ಕಳಿಸಿ ಅಲ್ಲಿ ಮತ್ತೆ ಜೋಡಿಸಿದರು. ಚಿತ್ರದೊಳಗಿನ ಅಕ್ಷರವನ್ನು ಸರ್ಚ್ ಎಂಜಿನ್ ಓದುವುದಿಲ್ಲ, ಅದಕ್ಕೆ ಕೆಳಗೆ ಇಂಗ್ಲಿಷಿನಲ್ಲಿ ಒಂದಷ್ಟು ಪದ ಹಾಕಬೇಕು ಎಂದರು. ಮಗಳು ಏನೆಂದು ಹುಡುಕಿಯಾಳು? ನಾನು ಅವಳ ಹೆಸರು ಎಂದೆ. ಸ್ಟುಡಿಯೋದವರು ಅಪ್ಪನ ಹೆಸರು ಎಂದರು. ಗೆಳತಿ ತಲೆಯಾಡಿಸಿದಳು. "ಊರಿನ ಹೆಸರು ಹಾಕಿ. ಶಿಡ್ಲಘಟ್ಟ, ದಿಬ್ಬೂರಹಳ್ಳಿ, ಅವಳ ನಾನಿ, ನಮ್ಮಮ್ಮನ ಮನೆ ಅಲ್ಲಿತ್ತು. ಮನೆ ಬಿಟ್ಟೋರು ಒಂದಲ್ಲ ಒಂದಿನ ಊರು ಹೇಗಿದೆ ಅಂತ ನೋಡೇ ನೋಡ್ತಾರೆ."

ಪೇಜು ಎದ್ದಿತು. ಅವಳ ಕೈಬರಹದ ನೆತ್ತಿಯ ಮೇಲೆ ಜೂಜಾಟದ ಜಾಹೀರಾತು ಮಿನುಗುತ್ತಿತ್ತು, ಅರೆಬಟ್ಟೆಯ ಹುಡುಗಿ, ಉರುಳುವ ದಾಳ.

"ಛೀ, ಇದನ್ನ ತೆಗೀರಿ ಭಾಯಿ."

"ತೆಗೆಯೋಕಾಗಲ್ಲಮ್ಮಾ. ಫ್ರೀ ಕದಾ. ಅವರ ಗೋಡೆ, ಅವರ ಪೋಸ್ಟರು."

ಕೆಳಗೆ ಒಂದು ಕೌಂಟರ್ ಕೂಡ ಹಾಕಿಕೊಟ್ಟಿದ್ದರು, ಸ್ಕೂಟರಿನ ಮೀಟರಿನಂಥದು. ಪೇಜನ್ನು ಯಾರಾದರೂ ತೆರೆದರೆ ಒಂದು ಅಂಕಿ ಏರುತ್ತದೆ. ಮೊದಲ ವಾರ ಕೆಲವೇ ಕೆಲವು. ಮುಂದಿನ ವಾರ ದುಪ್ಪಟ್ಟು. ಆಮೇಲೆ ಏರುತ್ತಲೇ ಹೋಯಿತು. ಗೆಳತಿಯ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ರಕ್ತ ಆಡಿತು. ಮೇಲ್ ಡಬ್ಬಿಗಿಂತ ಮೊದಲು ಕೌಂಟರ್ ತೆಗೆಸುತ್ತಿದ್ದಳು. "ಇಷ್ಟು ಜನದಲ್ಲಿ ಅವಳು ಇಲ್ದೇ ಇರ್ತಾಳಾ? ನೋಡಿ ಅಳ್ತಾ ಕೂತಿರ್ತಾಳೆ. ಬರೆಯೋಕೆ ಕೈ ಬರ್ತಿಲ್ಲ, ಅಷ್ಟೇ." ನಾನೂ ನಂಬಿದೆ. ಆ ಮೂಲೆಯಲ್ಲಿ ಕುಳಿತು ನಾವಿಬ್ಬರೂ ಆ ಅಂಕಿಗಳಲ್ಲಿ ಮಗಳ ಮುಖ ಹುಡುಕುತ್ತಿದ್ದೆವು.

ಒಂದು ಮಧ್ಯಾಹ್ನ ಅವಳ ಹಿರಿಯ ಮಗ ಮೆಟ್ಟಿಲು ಹತ್ತಿ ಬಂದ. ಚಪ್ಪಲಿ ಹೊರಗೆ ಬಿಟ್ಟ. ಒಳ್ಳೆಯ ಹುಡುಗ, ನನ್ನಲ್ಲೇ ಟೈಪಿಂಗ್ ಲೋಯರ್ ಪರೀಕ್ಷೆಗೆ ಕಲಿತವನು.

"ಟೀಚರಮ್ಮ, ನೀವು ದೊಡ್ಡೋರು. ನಾನು ಜೋರು ಮಾಡಲ್ಲ. ನಮ್ಮನೆ ವಿಷಯ ಚಿಕ್ಕಬಳ್ಳಾಪುರದ ಸ್ಟುಡಿಯೋದಲ್ಲಿ ಯಾಕೆ ಓಡ್ತಿದೆ?"

"ಓಡ್ತಿದೆ ಅಂದ್ರೆ?"

"ಮದುವೆ ಆಲ್ಬಂ ಬುಕ್ ಮಾಡೋಕೆ ಬಂದೋರಿಗೆಲ್ಲಾ ತೋರಿಸ್ತಾನಂತೆ. ಇಂಥಾ ಪೇಜು ನಿಮಗೂ ಮಾಡ್ಕೊಡ್ತೀನಿ ಅಂತ. ನಮಗೆ ಗೂಡು ಕೊಡೋ ಪಾರ್ಟಿಯೊಬ್ಬರು ಮಗಳ ಮದುವೆ ಆಲ್ಬಂ ಮಾಡಿಸೋಕೆ ಅಲ್ಲಿಗೆ ಹೋಗಿದ್ರು, ಉರ್ದು ಬರುತ್ತೆ ಅವರಿಗೆ. ಮಾರ್ಕೆಟ್ಟಲ್ಲಿ ನನ್ನ ಪಕ್ಕಕ್ಕೆ ಕರೆದು, ನಿಮ್ಮ ಅಮ್ಮನ ಹತ್ರ ಯಾರೋ ಮೋಸದಿಂದ ಅದನ್ನ ಬರೆಸ್ಕೊಂಡಿಲ್ಲ ತಾನೇ ಅಂತ ಕೇಳ್ತಾರೆ."

ಅವನ ಸಿಟ್ಟಿಗಿಂತ ಹೆಚ್ಚಾಗಿ ಆ ಕೌಂಟರಿನ ಅಂಕಿಗಳು ಕಣ್ಣ ಮುಂದೆ ಬಂದವು. ಮದುವೆ ಸೀಸನ್. ಅದಕ್ಕೇ ಏರುತ್ತಿತ್ತು.

"ತೆಗೆಸಿಬಿಡಿ" ಎಂದ. ಬಾಗಿಲವರೆಗೆ ಹೋದವನು ಚಪ್ಪಲಿ ಮೆಟ್ಟುತ್ತಾ, ತಲೆಯೆತ್ತದೆ ಕೇಳಿದ, "ಆಪಾದು ಏನಾದ್ರೂ ಬಂತಾ?"

"ಇಲ್ಲಪ್ಪ."

ತಲೆಯಾಡಿಸಿ ಇಳಿದು ಹೋದ.

ಚಿಕ್ಕಬಳ್ಳಾಪುರಕ್ಕೆ ಹೋದೆ. ಸ್ಟುಡಿಯೋದವರಿಗೆ ತಾವು ಏನು ತಪ್ಪು ಮಾಡಿದೆವೆಂದೇ ಅರ್ಥವಾಗಲಿಲ್ಲ. "ಅಮ್ಮಾ, ನಾಲ್ಕು ಜನ ನೋಡ್ಲಿ ಅಂತಲೇ ಅಲ್ವಾ ಹಾಕಿದ್ದು? ಬಂದೋರೆಲ್ಲ ಕಣ್ಣೀರು ಹಾಕ್ಕೊಂಡು ಹೋಗ್ತಾರೆ" ಎಂದರು. ಅವರ ಕಣ್ಣಲ್ಲೂ ನೀರಿತ್ತು, ಸುಳ್ಳಲ್ಲ. ನನ್ನೆದುರಿಗೇ ಪೇಜು ತೆಗೆದುಹಾಕಿದರು.

ಗೆಳತಿಗೆ ಹೇಳುವುದೋ ಬೇಡವೋ ಎಂದು ಗುರುವಾರದವರೆಗೆ ಒದ್ದಾಡಿದೆ. ಮಗ ಬಂದಿದ್ದನ್ನು ಹೇಳಿ, ಕೌಂಟರಿನದನ್ನು ಮುಚ್ಚಿಡಬಹುದಿತ್ತು. ಅವಳು ನೇರವಾಗಿ, "ಕೊನೇಗೆ ಎಷ್ಟಾಗಿತ್ತು?" ಎಂದು ಕೇಳಿದಳು. ಆ ಮುಖಕ್ಕೆ ಸುಳ್ಳು ಹೇಳಲಾಗಲಿಲ್ಲ. ಅಂಕಿ ಹೇಗೆ ಏರಿತೆಂಬುದನ್ನೂ ಹೇಳಿದೆ.

"ಅಂದ್ರೆ, ನೋಡಿದ್ದೆಲ್ಲ ಮದುವೆ ಮನೆಯೋರು."

"ಬಹುಶಃ ಕಣೇ."

"ಅದರಲ್ಲಿ ಅವಳು ಒಂದು ಸಲ ಇದ್ದಿರಬಹುದಾ?"

"ಇರಬಹುದು. ಅದು ಎಣಿಸುತ್ತೆ ಅಷ್ಟೇ. ಯಾರು ಅಂತ ಹೇಳಲ್ಲ."

ಸ್ಕ್ರೀನ್ ಆರಿಹೋಗಿತ್ತು. ಅದರ ಗಾಜಿನಲ್ಲಿ ನಮ್ಮಿಬ್ಬರ ಮುಖ. ಅವಳು ಮುಸುಕು ಸರಿ ಮಾಡಿಕೊಂಡಳು.

"ನಾನೇ ಹೋಗ್ತೀನಿ."

"ಎಲ್ಲಿಗೆ?"

"ಮೆಹದಿಪಟ್ನಂ. ಹೆರಿಗೆ ಆಸ್ಪತ್ರೆ, ನೀರಿನ ಟ್ಯಾಂಕು, ಅಡುಗೆಮನೆ ಕಿಟಕೀಗೆ ಕಾಣೋ ಮನೆ. ಕೇಳ್ಕೊಂಡು ಹೋಗ್ತೀನಿ. ಮನುಷ್ಯರು ಇರ್ತಾರಲ್ಲ ಅಲ್ಲಿ."

ಹುಚ್ಚು ಎಂದೆ. ಹೈದರಾಬಾದ್ ಎಂದರೆ ಶಿಡ್ಲಘಟ್ಟದ ಬೀದಿಯಲ್ಲ ಎಂದೆ. ನಾನು ಜೊತೆಗೆ ಬರುತ್ತೇನೆಂದೆ. ಟೈಪಿಂಗ್ ಪರೀಕ್ಷೆ ಹತ್ತಿರವಿತ್ತು, ಅದನ್ನು ಅವಳೇ ನೆನಪಿಸಿದಳು. ಚಿಂತಾಮಣಿಗೆ ತಮ್ಮನ ಮನೆಗೆ ಎಂದು ಮಕ್ಕಳಿಗೆ ಹೇಳಿ ಹೊರಟಳು. ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡುಗಳಲ್ಲಿ ನೂಲಿನ ವ್ಯಾಪಾರದ ಯಾರಾದರೂ ಗುರುತು ಹಿಡಿದಾರೆಂದು, ಹೈದರಾಬಾದ್ ಬಸ್ಸುಗಳು ಟೀಗೆ ನಿಲ್ಲುತ್ತಿದ್ದ ಪೆರೇಸಂದ್ರದವರೆಗೆ ನಾನು ಕರೆದುಕೊಂಡು ಹೋದೆ.

ಆಮೇಲಿನದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳು ಮತ್ತೆಂದೂ ನನ್ನ ಮೆಟ್ಟಿಲು ಹತ್ತಲಿಲ್ಲ. ಕೆಲವು ತಿಂಗಳಿಗೆ ಮಕ್ಕಳು ಫಿಲೇಚರ್ ಮಾರಿ ಊರು ಬಿಟ್ಟರು. ಹಿರಿಯವನನ್ನು ಹಿಡಿದು ಕೇಳಿದ್ದಕ್ಕೆ, "ಅಮ್ಮಿ ಆ ಕಡೆ ನೆಂಟರ ಮನೇಲಿದ್ದಾರೆ ಟೀಚರಮ್ಮ" ಎಂದ. ಯಾವ ನೆಂಟರು ಎಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಪೆರೇಸಂದ್ರದ ಟೀ ಅಂಗಡಿಯ ಬೆಂಚಿನಲ್ಲಿ ಅವಳು ನನ್ನ ಕಿವಿಯಲ್ಲಿ ಪಾಸ್‌ವರ್ಡ್ ಹೇಳಿದ್ದಳು, ಡಬ್ಬಿ ಮತ್ತೆ ಸಾಯದಿರಲಿ, ಆಗಾಗ ತೆಗೆಯುತ್ತಿರು ಎಂದು. ಆ ಕಂಪನಿಯೇ ಮುಚ್ಚುವವರೆಗೆ ತೆಗೆದೆ. ಮಾತ್ರೆ, ಸಾಲ, ಕಾರು. ಮಗಳದು ಒಂದೂ ಬರಲಿಲ್ಲ. ಅಮ್ಮ ಎದುರಿಗೇ ಇದ್ದರೆ ಮಗಳು ಯಾಕೆ ಬರೆಯುತ್ತಾಳೆ ಎಂದು ಒಂದೊಂದು ದಿನ ಅನ್ನಿಸುತ್ತದೆ. ಒಂದೊಂದು ದಿನ ಹಾಗೆ ಅನ್ನಿಸುವುದಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ಆ ಸಂಜೆಯೇ. ಬಸ್ಸು ಬಂದು ಹೋಟೆಲಿನ ಮುಂದೆ ನಿಂತಿತು. ಜನ ಇಳಿದು ಟೀ ಕುಡಿದು ಹತ್ತಿದರು. ಕಂಡಕ್ಟರ್, "ರಾಮ್ಮಾ, ಲೋಪಲಿಕಿ ರಾ" ಎಂದು ಇವಳ ಚೀಲ ಒಳಗಿಟ್ಟ. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ನಾನು ಕೆಳಗೆ ನಿಂತು, ಅವಳು ಈ ಕಡೆ ತಿರುಗಿದರೆ ಕೈ ಬೀಸೋಣವೆಂದು ಕಾಯುತ್ತಿದ್ದೆ. ಅವಳು ತಿರುಗಲಿಲ್ಲ. ಬಸ್ಸಿನ್ನೂ ಸ್ಟಾರ್ಟ್ ಆಗಿರಲಿಲ್ಲ, ಮುಸುಕು ಹಿಂದಕ್ಕೆ ಸರಿಸಿ, ಕೈಯಲ್ಲಿ ಮಗಳ ಫೋಟೋ ಹಿಡಿದು, ಪಕ್ಕದ ಸೀಟಿನ ಹೆಂಗಸನ್ನು ಆಗಲೇ ಕೇಳತೊಡಗಿದ್ದಳು.